ಯಾರೂ ಕೂಗದ ಎಚ್ಚರಿಕೆ

ಹಿರಿಯರಿಗೆ ಎಚ್ಚರಿಕೆಯನ್ನು ಬರೆದು ಕಳಿಸಬಹುದೇ ಎಂಬ ಪ್ರಶ್ನೆ ನಮ್ಮ ಬೋರ್ಡಿಗೆ ಮೊದಲು ಎದುರಾದದ್ದು ನನ್ನ ದೆಸೆಯಿಂದ. ಬೋರ್ಡನ್ನು ನಡೆಸುವ ಮಾಡರೇಟರು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಧಾರವಾಡದ ಕಡೆಯ ಎಂಜಿನಿಯರ್. ದೊಡ್ಡವರ ತಪ್ಪನ್ನು ಹತ್ತು ಜನ ಓದುವ ಜಾಗದಲ್ಲಿ ಎತ್ತಿ ಆಡಬಾರದೆಂಬ ಮನೆಪಾಠ ಅವನ ಮೈಗೆ ಹತ್ತಿತ್ತು. ಆದುದರಿಂದ ಅವನು ತನ್ನ ಕಾರ್ಖಾನೆಯ ಟೌನ್‌ಶಿಪ್ಪಿನಿಂದ ಸ್ಕೂಟರಿನಲ್ಲಿ ಹೊರಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ವಿಶಾಖಪಟ್ಟಣದ ನಮ್ಮ ಬಾಡಿಗೆ ಮನೆಗೆ ಬಂದ. ಕಾಫಿ ಕುಡಿದ. ನನ್ನ ಮಂಡಿನೋವನ್ನು ವಿಚಾರಿಸಿದ. ಹೊರಡುವಾಗ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಹೇಳಿದ:

"ಕಾಕಾ, ನಾ ಬಂದದ್ದು ಯಾಕಂದ್ರ, ನಿಮಗೊಂದು ವಾರ್ನಿಂಗ್ ಕೊಡೂದಿತ್ರಿ."

"ಕೊಡಪ್ಪ, ಧಾರಾಳವಾಗಿ ಕೊಡು," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ. "ಮದುವೆ ಆದಾಗಿನಿಂದ ನಾನೂ ಕೊಡ್ತಾನೇ ಇದೀನಿ. ಒಂದಾದ್ರೂ ಇವರಿಗೆ ನಾಟಿದ್ರೆ ನನಗೂ ತಿಳಿಸು."

ಅವನು ನಕ್ಕ. ನಾನೂ ನಕ್ಕೆ. ನನ್ನ ಮೇಲಿದ್ದ ದೂರು ಇಷ್ಟೆ: ಹಿರಿಯ ಅಧಿಕಾರಿಯೊಬ್ಬರು ಯಾವುದೋ ಬೆಟ್ಟದ ಮೇಲೆ ನಮ್ಮ ಕಡೆಯ ಅರಸನೊಬ್ಬ ಬೀಡುಬಿಟ್ಟಿದ್ದನೆಂದು ಬೋರ್ಡಿನಲ್ಲಿ ಬರೆದಿದ್ದರು. ನಾನು "ನೋಡಿದವರು ಯಾರು? ಬರೆದಿಟ್ಟವರು ಯಾರು?" ಎಂದು ಕೇಳಿದೆ. ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕೇಳಿದೆ. ಅವರು ಅದನ್ನು ಅವಮಾನವೆಂದು ತಿಳಿದರು. ಶಾಲೆ ಬಿಟ್ಟ ಮೇಲೆ ನನ್ನ ಓದೆಲ್ಲ ನಾನೇ ಹುಡುಕಿಕೊಂಡದ್ದು. ಬ್ಯಾಂಕಿಗೆ ಅಟೆಂಡರಾಗಿ ಸೇರಿ, ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಗುಮಾಸ್ತನಾದವನು. ಗುರುವಿಲ್ಲದೆ ಓದಿದವನಿಗೆ ಒಂದು ರೋಗ ಅಂಟುತ್ತದೆ. ಯಾರ ಮಾತನ್ನೂ ಅವರ ಕುರ್ಚಿಯ ಎತ್ತರ ನೋಡಿ ನಂಬಲಾರ.

ಬೋರ್ಡ್ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಅಂತರಜಾಲವಿನ್ನೂ ಮನೆಗಳಿಗೆ ಬಂದಿರದ ತೊಂಬತ್ತರ ದಶಕದ ಆ ವರ್ಷಗಳಲ್ಲಿ, ಆ ಎಂಜಿನಿಯರ್ ತನ್ನ ಕ್ವಾರ್ಟರ್ಸಿನ ಹಜಾರದಲ್ಲಿ ಒಂದು ಕಂಪ್ಯೂಟರನ್ನು ಟೆಲಿಫೋನಿಗೆ ಕಟ್ಟಿಟ್ಟಿದ್ದ. ನಾವು ನಮ್ಮ ಮನೆಯ ಯಂತ್ರದಿಂದ ಆ ನಂಬರಿಗೆ ಫೋನು ಮಾಡಬೇಕು. ಅತ್ತ ಒಂದು ಸಲ ಗಂಟೆ ಬಾರಿಸಿ, ಮೋಡೆಮ್ ಎಂಬ ಡಬ್ಬಿ ಕಿರ್ರೆಂದು ಕಿರುಚಿ ನಮ್ಮನ್ನು ಒಳಗೆ ಬಿಡುತ್ತಿತ್ತು. ಇದ್ದದ್ದು ಒಂದೇ ಲೈನು. ಒಬ್ಬರು ಒಳಗಿದ್ದರೆ ಉಳಿದವರು ಕಾಯಬೇಕು. ಒಳಗೆ ಹೋದವನು ಇತರರು ಬರೆದುಹೋದದ್ದನ್ನು ಓದಿ, ತನ್ನದನ್ನು ಬರೆದು ಹೊರಬರಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಿದ್ದೆವು. ವರ್ಗವಾಗಿ ಬಂದ ಬ್ಯಾಂಕಿನವರು, ಕಾರ್ಖಾನೆಗಳ ಎಂಜಿನಿಯರುಗಳು, ಹೀಗೆ ಕರ್ನಾಟಕದಿಂದ ಬಂದು ಆ ಸಮುದ್ರದ ಊರಿನಲ್ಲಿ ಚೆದುರಿಹೋಗಿದ್ದ ನಮಗೆ ಅದೊಂದು ಜಗಲಿ. ಮನೆಯ ಮಕ್ಕಳು ತಮ್ಮತಮ್ಮಲ್ಲಿ ತೆಲುಗಿನಲ್ಲೇ ಜಗಳವಾಡುತ್ತಿದ್ದ ಕಾಲದಲ್ಲಿ ಆ ಹಸಿರು ಅಕ್ಷರಗಳ ಪರದೆಯೇ ನಮ್ಮ ಮಾತಿನ ಮನೆಯಾಗಿತ್ತು. ಅದರ ನಿಯಮಗಳನ್ನು ಬರೆದುಕೊಟ್ಟವನು ನಾನೇ. ಬ್ಯಾಂಕಿನ ಸುತ್ತೋಲೆಗಳನ್ನು ಓದಿ ಓದಿ ನಿಯಮ ಬರೆಯುವುದು ನನಗೆ ಕರಗತವಾಗಿತ್ತು. ಮೂರು ಎಚ್ಚರಿಕೆ, ಅದಾದ ಮೇಲೆ ಹೆಸರು ತೆಗೆಯುವುದು. ಯಾರಿಗೂ ವಿನಾಯಿತಿಯಿಲ್ಲ.

ಮುಂದೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ವಿಶಾಖಪಟ್ಟಣದಲ್ಲಿ ನಾನು ಬಳಸುತ್ತಿದ್ದ ಯಂತ್ರ ಪಕ್ಕದ ಮನೆಯವರದು. ಅದು ಅಲ್ಲೇ ಉಳಿಯಿತು. ಬೋರ್ಡಿಗೆ ವಿದಾಯ ಹೇಳಿದ್ದೆ. ಒಂದು ಭಾನುವಾರ ಬಾಗಿಲು ತೆರೆದರೆ ಮಾಡರೇಟರು ನಿಂತಿದ್ದಾನೆ. ತನ್ನ ಹಳೆಯ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ, ದುವ್ವಾಡದಲ್ಲಿ ರೈಲು ಹತ್ತಿ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಹೊತ್ತು ತಂದಿದ್ದ.

"ನೀವು ಇಲ್ಲಂದ್ರ ಬೋರ್ಡಿನ್ಯಾಗ ಜಗಳಾನ ಇಲ್ರಿ ಕಾಕಾ. ಎಲ್ಲಾರೂ ಒಬ್ಬರಿಗೊಬ್ಬರು ನಮಸ್ಕಾರ ಅಂತ ಬರಕೋತ ಕುಂತಾರ."

ಬೆಳಗಿನ ಆರಕ್ಕೆ ಮುಂಚೆ ಎಸ್‌ಟಿಡಿ ದರ ಕಡಿಮೆ. ನಾನು ಐದೂವರೆಗೆ ಎದ್ದು ವಿಶಾಖಪಟ್ಟಣಕ್ಕೆ ಕರೆ ಮಾಡುವ ಅಭ್ಯಾಸ ಹಾಗೆ ಆರಂಭವಾಯಿತು. ಆ ಹೊತ್ತಿನಲ್ಲಿ ಬರುವವನು ನಾನೊಬ್ಬನೇ. "ನಿಮ್ಮ ಗಂಟಿ ಬಾರಿಸಿದ ಮ್ಯಾಲ ನಮ್ಮ ಮನ್ಯಾಗ ಹಾಲು ಕಾಯಸ್ತಾರ" ಎಂದು ಅವನು ಒಮ್ಮೆ ಬರೆದಿದ್ದ.

ಈಗ ಆ ಸಾವಿನ ಸಂಗತಿ.

ಎಂಬತ್ತರ ದಶಕದ ಕೊನೆಯಲ್ಲಿ, ಬೋರ್ಡಿನ ಕನಸೂ ಇಲ್ಲದಿದ್ದಾಗ, ವಿಶಾಖಪಟ್ಟಣದ ಕನ್ನಡ ಸಂಘದವರು ಕಾರ್ತೀಕ ಮಾಸದ ವನಭೋಜನಕ್ಕೆ ಊರ ಹೊರಗಿನ ಕಡಲತೀರಕ್ಕೆ ಹೋಗಿದ್ದೆವು. ನೆಲ್ಲಿಮರದ ಕೆಳಗೆ ಕೂತು ಉಣ್ಣುವ ಆ ಪದ್ಧತಿಯನ್ನು ತೆಲುಗರನ್ನು ನೋಡಿ ನಾವೂ ಹಿಡಿದಿದ್ದೆವು. ಮರಳಿನಲ್ಲಿ ನೆಲ್ಲಿಮರವೆಲ್ಲಿ? ಒಂದು ಕೊಂಬೆಯನ್ನು ಕಡಿದು ತಂದು, ಮರಳಿನಲ್ಲಿ ನೆಟ್ಟು, ಅದೇ ಮರವೆಂದು ಭಾವಿಸುತ್ತಿದ್ದೆವು. ಕೊಂಬೆ ತರುವ ಕೆಲಸ ನನ್ನದು. ಊಟವಾದ ಮೇಲೆ ಅದರ ಪಕ್ಕದಲ್ಲಿ, ಕಡಲಿಗೆ ಬೆನ್ನು ಹಾಕಿ, ಎಂಜಲೆಲೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಹೆಂಗಸರು ಚೀರಿದ್ದು ಕೇಳಿಸಿತು. ತಿರುಗಿ ನೋಡುವಾಗ ಒಬ್ಬ ತರುಣ ಎಂಜಿನಿಯರು ಅಲೆಗಳ ಆಚೆ ಇದ್ದ. ತಲೆ ಒಮ್ಮೆ ಕಂಡಿತು, ಕೈ ಒಮ್ಮೆ ಕಂಡಿತು. ಮೀನುಗಾರರು ತೆಪ್ಪ ತರುವ ಹೊತ್ತಿಗೆ ಏನೂ ಕಾಣಲಿಲ್ಲ. ಮರುದಿನ ದೂರದಲ್ಲಿ ದೇಹ ಸಿಕ್ಕಿತು.

ಅವನು ಮೈಸೂರಿನ ಕಡೆಯವನು. ಮಾಡರೇಟರಿಗೆ ಜೊತೆಗೆಲಸದ ಗೆಳೆಯ. ಬಡಿಸಲು ನಿಂತರೆ ಪಂಕ್ತಿಯೆಲ್ಲ ನಗುತ್ತಿತ್ತು, ಅಂಥ ಮನುಷ್ಯ.

ಮುಂದಿನ ಕಾರ್ತೀಕದಿಂದ ಸಂಘದ ಸೂಚನಾಪತ್ರದಲ್ಲಿ ಒಂದು ವಾಕ್ಯ ಸೇರಿತು. ಬೋರ್ಡ್ ಬಂದ ಮೇಲೆ ಅಲ್ಲೂ ಅದು ಪ್ರತಿವರ್ಷ ಕಾಣಿಸಿಕೊಂಡಿತು: ಹಿಂದೊಮ್ಮೆ ಹಿರಿಯರು ಮೂರು ಸಲ ಕೂಗಿ ಎಚ್ಚರಿಸಿದರೂ ಕೇಳದೆ ನೀರಿಗಿಳಿದ ತರುಣನೊಬ್ಬನನ್ನು ಕಳೆದುಕೊಂಡಿದ್ದೇವೆ, ಆದುದರಿಂದ ಯಾರೂ ನೀರಿಗಿಳಿಯಬಾರದು. ನಾನು ಆ ವಾಕ್ಯವನ್ನು ವರ್ಷವರ್ಷವೂ ಓದಿದ್ದೆ. ನನಗೆ ಕೂಗು ಕೇಳಿಸಿರಲಿಲ್ಲ. ಆದರೆ ಗಾಳಿಯಿತ್ತು, ಬೆನ್ನು ಅತ್ತ ಇತ್ತು. ಇತರರು ಕೂಗಿರಬಹುದೆಂದು ಸುಮ್ಮನಿದ್ದೆ.

ವಿಜಯವಾಡದ ಕನ್ನಡಿಗರೂ ಕೃಷ್ಣೆಯ ದಂಡೆಯಲ್ಲಿ ವನಭೋಜನ ಮಾಡುತ್ತಿದ್ದರು. ನಾನು ಅಲ್ಲಿಗೆ ಹೋದ ಮೊದಲ ಕಾರ್ತೀಕದಲ್ಲಿ, ಇಲ್ಲಿಯೂ ನೀರಿದೆಯಲ್ಲ ಎಂದು, ಬೋರ್ಡಿನ ಸದಸ್ಯರೊಬ್ಬರು ಅದರ ಸೂಚನೆಯನ್ನು ಅಚ್ಚು ಹಾಕಿ ತಂದು ಎಲೆ ಹಾಕಿದ ಮೇಲೆ ಗಟ್ಟಿಯಾಗಿ ಓದಿದರು. ಆಚೆ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿಯ ಮೆಟ್ಟಿಲುಗಳ ಮೇಲೆ ಜನ ಇರುವೆಸಾಲಿನಂತೆ ಹತ್ತುತ್ತಿದ್ದರು. ನಮ್ಮ ಪಂಕ್ತಿಯ ತುದಿಯಲ್ಲಿ ಕೂತಿದ್ದ ಎಪ್ಪತ್ತರ ಮುದುಕಿಯೊಬ್ಬರು ಅನ್ನ ಮುಟ್ಟುವ ಮೊದಲೇ ಎಲೆ ಮಡಚಿ ಎದ್ದರು. ನನ್ನ ಶಾಖೆಯ ಸಹೋದ್ಯೋಗಿಯ ಅತ್ತೆ ಅವರು. ಅವರ ಹಿಂದೆಯೇ ಓಡಿದ ಮಗಳು ಆಮೇಲೆ ನನ್ನ ಹೆಂಡತಿಗೆ ಹೇಳಿದಳು: ಮುಳುಗಿಹೋದವನು ಅವರ ಒಬ್ಬನೇ ಮಗ.

ಮರುವಾರ ಆ ತಾಯಿ ನನ್ನನ್ನು ಕರೆಸಿದರು. ಬೆಂಜ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಮನೆ. ಮೊಮ್ಮಕ್ಕಳು ಹಜಾರದಲ್ಲಿ ತೆಲುಗಿನಲ್ಲಿ ಪಾಠ ಒಪ್ಪಿಸುತ್ತಿದ್ದರು. ನಾನು ಕೂರುವುದಕ್ಕೂ ಅವರು ಬಿಡಲಿಲ್ಲ.

"ರಾಯರೇ, ಅವತ್ತು ನೀವೂ ಇದ್ರಂತೆ."

"ಇದ್ದೆನಮ್ಮಾ."

"ನೀವೂ ಕೂಗಿದ್ರಾ?"

"ಇಲ್ಲಮ್ಮಾ. ಅವರು ನೀರಿಗಿಳಿದದ್ದೇ ನನಗೆ ಗೊತ್ತಾಗಲಿಲ್ಲ."

"ಬೇರೆಯವರು ಕೂಗಿದ್ದು ಕೇಳಿಸ್ತಾ?"

"ನನಗೆ ಕೇಳಿಸಲಿಲ್ಲ."

ಅವರು ಸೆರಗಿನ ತುದಿಯನ್ನು ಮಡಚುತ್ತ ಬಿಚ್ಚುತ್ತ ಇದ್ದರು. "ಕೆಲಸ ಸಿಕ್ಕಿ ವೈಜಾಗಿಗೆ ಹೊರಟಾಗ, ಸಮುದ್ರದ ಊರು ಅಂತ ಕೈ ಮೇಲೆ ಕೈ ಇಡಿಸ್ಕೊಂಡು ಭಾಷೆ ತಗೊಂಡಿದ್ದೆ. ನೀರಿಗೆ ಇಳಿಯಲ್ಲ ಕಣಮ್ಮಾ ಅಂದಿದ್ದ. ನನಗೆ ಕೊಟ್ಟ ಮಾತು ಮರೆತ ಅಂದ್ರೆ, ಮರೆತ ಅಂತ ಸುಮ್ಮನಾಗ್ತೀನಿ. ದೇಹ ತಂದವರೂ ಅವತ್ತು ಇದನ್ನೇ ಹೇಳಿದ್ರು. ಮೂರು ಸಲ ಕೂಗಿದ್ರೂ ಇಳಿದ ಅಂದ್ರೆ ಅದು ಮರೆವಲ್ಲ ರಾಯರೇ, ಹಟ. ನನ್ನನ್ನ ಲೆಕ್ಕಕ್ಕಿಲ್ಲ ಅಂತ ಬಿಟ್ಟು ಹೋದ. ಹಟ ಮಾಡಿ ಸತ್ತವನಿಗೆ ನಾನು ಏನು ಮಾಡಿ ಬಡಿಸಲಿ?"

ಆ ಕೊನೆಯ ಮಾತು ಏನೆಂದು ಮಗಳು ಬಾಗಿಲವರೆಗೆ ಬಂದು ವಿವರಿಸಿದಳು. ಮಗನ ತಿಥಿಯ ದಿನ ಅವರು ಎಲ್ಲ ಅಡುಗೆಯನ್ನೂ ಮಾಡುತ್ತಾರೆ. ಅವನಿಗೆ ಪ್ರಾಣವಾಗಿದ್ದ ಅಕ್ಕಿ-ಬೆಲ್ಲದ ಹಾಲುಬಾಯಿಯೊಂದನ್ನು ಮಾತ್ರ ಮಾಡುವುದಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮಾಡಿಲ್ಲ. ಬೇರೆಯವರು ಮಾಡಹೋದರೆ ಒಲೆ ಆರಿಸುತ್ತಾರೆ. "ಅವನ ಮೇಲೆ ಅಮ್ಮನಿಗೆ ಇನ್ನೂ ಕೋಪ ಅಂಕಲ್. ಸತ್ತವರ ಮೇಲೆ ಇಷ್ಟು ಕೋಪ ನಾನು ನೋಡೇ ಇಲ್ಲ."

ಆ ಓಣಿಯಿಂದ ಹೊರಬರುವಾಗ ನನ್ನ ಹಳೆಯ ರೋಗ ಹೆಡೆಯೆತ್ತಿತು. ಕಣ್ಣಾರೆ ಕಂಡ ಹತ್ತು ಜನ ಹತ್ತು ರೀತಿ ಹೇಳುತ್ತಾರೆ. ಒಬ್ಬ ಎರಡು ಸಲ ಎಂದರೆ ಮತ್ತೊಬ್ಬ ಐದು ಎನ್ನುತ್ತಾನೆ. ಹತ್ತೂ ಜನ "ಮೂರು ಸಲ ಕೂಗಿ" ಎಂದೇ ಹೇಳುವುದಾದರೆ, ಅದು ಕಂಡದ್ದಲ್ಲ, ಕಲಿತದ್ದು. ನಾನು ಮರುದಿನ ಬೆಳಗ್ಗೆ ಬೋರ್ಡಿನಲ್ಲಿ ಬರೆದೆ: "ಆ ದಿನ ಕೂಗಿದವರು ಯಾರು? ದಯವಿಟ್ಟು ಕೂಗಿದವರೇ ಬರೆಯಿರಿ."

ಉತ್ತರಗಳು ಬಂದವು. ಒಬ್ಬರು, ನಾನಲ್ಲ, ಅಂದಿನ ಕಾರ್ಯದರ್ಶಿಯವರು ಎಂದರು. ಅಂದಿನ ಕಾರ್ಯದರ್ಶಿಯವರು, ನಾನು ದೂರದಲ್ಲಿದ್ದೆ, ನೀರಿನ ಹತ್ತಿರವಿದ್ದ ಹೆಂಗಸರು ಕೂಗಿದರು ಎಂದರು. ನೀರಿನ ಹತ್ತಿರವಿದ್ದ ಒಬ್ಬಾಕೆ ತನ್ನ ಗಂಡನ ಕೈಯಲ್ಲಿ ಬರೆಸಿದರು: ಗಂಡಸರು ಕೂಗಿರಬೇಕು. ಕೂಗು ಹೀಗೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ವರ್ಗವಾಗುತ್ತ, ಯಾವ ಬಾಯಲ್ಲೂ ನಿಲ್ಲದೆ ತಿರುಗಿತು. ಬೋರ್ಡಿನಲ್ಲಿ ಗದ್ದಲವೆದ್ದಿತು. "ಈ ಮುದುಕನಿಗೆ ಸತ್ತವರನ್ನಾದರೂ ಬಿಡಲು ಹೇಳಿ" ಎಂದು ಒಬ್ಬರು ಬರೆದರು. "ಮಾಡರೇಟರು ನಿದ್ರೆ ಮಾಡುತ್ತಿದ್ದಾರೆಯೇ?" ಎಂದು ಮತ್ತೊಬ್ಬರು.

ಮಾಡರೇಟರು ನಿದ್ರೆ ಮಾಡುತ್ತಿರಲಿಲ್ಲ. ಮುಂದಿನ ಭಾನುವಾರ ರೈಲಿನಲ್ಲಿ ವಿಜಯವಾಡಕ್ಕೆ ಬಂದ. ಈ ಸಲ ಬಾಳೆಹಣ್ಣಿನ ಬದಲು ಮಾಡುಗುಲ ಹಲ್ವದ ಪೊಟ್ಟಣವಿತ್ತು. ನನ್ನ ಹೆಂಡತಿ ಅದನ್ನು ಕೈಗೆ ತೆಗೆದುಕೊಳ್ಳುತ್ತ, "ಎರಡನೇದು ಸಿಹಿ ಜಾಸ್ತಿ ಅಂತ ಕಾಣುತ್ತೆ" ಎಂದಳು. ಅವನು ನಗಲಿಲ್ಲ.

"ಕಾಕಾ, ಇದೊಂದು ಬಿಟ್ಟಬಿಡ್ರಿ."

"ಕಾರಣ ಹೇಳು, ಬಿಡುತ್ತೇನೆ."

"ಕಾರಣ ಕೇಳಬ್ಯಾಡ್ರಿ. ನಾ ಎಂದರ ನಿಮಗ ಏನರ ಬೇಡೇನೇನು?"

"ನೀನೂ ಅವತ್ತು ಅಲ್ಲೇ ಇದ್ದೆ. ನೀನು ಕೂಗಿದೆಯಾ?"

"ಇಲ್ರಿ."

"ಯಾರಾದರೂ ಕೂಗಿದ್ದು ಕೇಳಿದೆಯಾ?"

"ಇಲ್ರಿ."

"ಮತ್ತೆ ವರ್ಷವರ್ಷವೂ ಅದನ್ನು ಹಾಕುವವನು ನೀನೇ ಅಲ್ಲವೇನಪ್ಪ? ಇಲ್ಲಿ ಒಬ್ಬ ತಾಯಿ ಅದನ್ನು ನಂಬಿ ಮಗನನ್ನು ದ್ವೇಷಿಸುತ್ತಿದ್ದಾಳೆ. ತಿಥಿಗೂ ಅವನಿಗಿಷ್ಟವಾದ ಹಾಲುಬಾಯಿ ಮಾಡುವುದಿಲ್ಲ."

"ಬರದಾಂವ ನಾ ಅಲ್ರಿ. ಸಂಘದಿಂದ ಬಂದದ್ದು ಹಾಕ್ತೀನಿ." ಅವನು ಲೋಟ ಕೆಳಗಿಟ್ಟ. "ನಿಮಗ ಆ ತಾಯಿ ಕಾಣಸ್ತಾರ. ಎಲ್ಲಾ ಕಡೆ ಎಲ್ಲಾರೂ ಕಾಣಸೂದಿಲ್ರಿ ಕಾಕಾ."

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅದು ಎರಡನೆಯ ಎಚ್ಚರಿಕೆ.

ನಾನು ಕೆಲವು ದಿನ ಯೋಚಿಸಿದೆ. ಅವನ ಮಾತಿನ ಹಿಂದೆ ಏನೋ ಇದೆಯೆಂಬುದು ತಿಳಿಯುತ್ತಿತ್ತು. ಆದರೆ ಹೇಳದ ಕಾರಣವನ್ನು ಗೌರವಿಸಿ, ಹೇಳಿದ ಸುಳ್ಳನ್ನು ಬದುಕಲು ಬಿಡುವುದು ನನ್ನಿಂದಾಗಲಿಲ್ಲ. ಒಂದು ಬೆಳಗ್ಗೆ ಬರೆದೆ: ಕೂಗಿದವರು ಒಬ್ಬರೂ ಸಿಗಲಿಲ್ಲ, ಕೂಗು ಕೇಳಿದವರೂ ಸಿಗಲಿಲ್ಲ. ಆ ತರುಣನಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಈ ಬೋರ್ಡಿನಲ್ಲಿ ನನಗೆ ಸಿಕ್ಕಿರುವ ಎಚ್ಚರಿಕೆಗಳಲ್ಲಿ ಒಂದೇ ಒಂದು ಆ ದಿನ ಅವನಿಗೆ ಸಿಕ್ಕಿದ್ದರೆ ಸಾಕಿತ್ತು. ಆ ವಾಕ್ಯ ಇನ್ನು ಮುಂದೆ ಬರಕೂಡದು. ಅವನ ತಾಯಿ ಬದುಕಿದ್ದಾರೆ, ಅದನ್ನು ಕೇಳುತ್ತಾರೆ.

ಮೂರನೆಯ ಎಚ್ಚರಿಕೆ ಮರುದಿನ ಬಂದಿತು. ಅದನ್ನು ತರಲು ಯಾರೂ ರೈಲು ಹತ್ತಲಿಲ್ಲ. ಪರದೆಯ ಮೇಲೆ, ಇಂಗ್ಲಿಷಿನಲ್ಲಿ, ಯಂತ್ರದಲ್ಲಿ ಮೊದಲೇ ಇದ್ದ ವಾಕ್ಯ. ಕಾಕಾ ಎಂದಿರಲಿಲ್ಲ, ಹೆಸರೂ ಇರಲಿಲ್ಲ; ನನ್ನ ಸದಸ್ಯ ಸಂಖ್ಯೆಯಿತ್ತು. ಅದರ ಮರುದಿನ ಐದೂವರೆಗೆ ಕರೆ ಮಾಡಿದಾಗ, ಮೋಡೆಮ್ ಎಂದಿನಂತೆ ಕಿರುಚಿ, ನನ್ನ ಗುರುತನ್ನು ಕೇಳಿ, ಇಂಥವರು ಇಲ್ಲಿ ಯಾರೂ ಇಲ್ಲವೆಂದು ತಿಳಿಸಿ ಲೈನು ಕಡಿಯಿತು. ನಿಯಮ ನಾನೇ ಬರೆದದ್ದು. ತಕರಾರೆತ್ತಲು ಎಡೆಯಿರಲಿಲ್ಲ. ಆದರೂ ಆ ಹಸಿರು ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ ಬಾಗಿಲಲ್ಲಿ ಮಾಡರೇಟರ ಹೆಂಡತಿ ನಿಂತಿದ್ದಳು. ಒಬ್ಬಳೇ. ಆಕೆ ಮಾತು ಕಡಿಮೆಯ ಹೆಣ್ಣು. ವಿಶಾಖಪಟ್ಟಣದಲ್ಲಿ ಅಷ್ಟು ವರ್ಷವಿದ್ದೂ ಕಡಲತೀರಕ್ಕೆ ಮಾತ್ರ ಬರುತ್ತಿರಲಿಲ್ಲ. ಉಪ್ಪುಗಾಳಿ ಆಗಿಬರುವುದಿಲ್ಲವೆಂದು ಎಲ್ಲರಿಗೂ ಹೇಳಿದ್ದಳು. ನನ್ನ ಹೆಂಡತಿ ಕೊಟ್ಟ ನೀರನ್ನು ಕೈಯಲ್ಲಿ ಹಿಡಿದೇ ಕೂತಳು.

"ಕಾಕಾರ, ನೀವು ಬರದದ್ದು ನಾ ಓದೀನ್ರಿ. ಅವರು ಓದೂಮುಂದ ಹಿಂದ ನಿಂತು ಓದಿದೆ. ಯಾರೂ ಕೂಗಲಿಲ್ಲ, ಖರೇ ಅದ. ಕೂಗೂದಿದ್ರ ನಾ ಕೂಗಬೇಕಿತ್ತು."

ಆಮೇಲೆ ಹೇಳಿದಳು. ಮದುವೆಯಾಗಿ ಬಂದು ತಿಂಗಳಾಗಿತ್ತು. ಅದಕ್ಕೆ ಮೊದಲು ಕಡಲನ್ನು ಕಂಡವಳಲ್ಲ. ಊಟವಾದ ಮೇಲೆ ಸಂಘದ ಹಿತ್ತಾಳೆಯ ಕೊಳಗವನ್ನು ನೀರಿನಂಚಿನಲ್ಲಿ ಮರಳು ಹಾಕಿ ಉಜ್ಜುತ್ತಿದ್ದಳು. ಸಂಘ ತನ್ನದೆಂದು ಕೊಂಡ ಮೊದಲ ಪಾತ್ರೆ ಅದು. ಕರ್ನಾಟಕದಿಂದ ತರಿಸಿದ್ದು, ಕಂಠದ ಮೇಲೆ ಕನ್ನಡದಲ್ಲಿ ಸಂಘದ ಹೆಸರು ಕೆತ್ತಿದ್ದು. ಕಾರ್ಯದರ್ಶಿಯವರಿಗೆ ಅದರ ಮೇಲೆ ಹೆತ್ತ ಮಗುವಿನ ಮೇಲಿನಷ್ಟು ಅಕ್ಕರೆ. ತನ್ನೂರಿನ ಕೆರೆಯ ದಂಡೆಯಲ್ಲಿ ಪಾತ್ರೆ ಬೆಳಗುವಂತೆಯೇ ಬೆಳಗಿದಳು. ಕೆರೆಯ ನೀರು ಇದ್ದಲ್ಲೇ ಇರುತ್ತದೆ, ಕಡಲಿನದು ಎದ್ದು ಬಂದು ಒಯ್ಯುತ್ತದೆ ಎಂಬುದು ಆಕೆಗೆ ತಿಳಿದಿರಲಿಲ್ಲ. ಒಂದು ಅಲೆ ಕೊಳಗವನ್ನು ಎತ್ತಿಕೊಂಡಿತು. "ಅಯ್ಯ, ಹೋತು!" ಎಂದಳು. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಆ ತರುಣ ನಕ್ಕು, "ಅಳಬೇಡಿ ಅತ್ತಿಗೆ, ಇದು ಹೋದ್ರೆ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಸಾರು ಮಾಡ್ತಾರೆ" ಎಂದು ಇಳಿದ. ಮೊದಲು ಮೊಣಕಾಲಿನವರೆಗೆ. ಆಮೇಲೆ ಸೊಂಟದವರೆಗೆ.

"ನನಗ ನಗಿ ಬಂದಿತ್ರಿ ಕಾಕಾರ. ನಗಕೋತ ನಿಂತಿದ್ದೆ."

ಅಂದು ಸಂಜೆಯೇ ಹಿರಿಯರು ಕೂಡಿ ತೀರ್ಮಾನಿಸಿದ್ದರಂತೆ. ಹೊಸ ಮದುವಣಗಿತ್ತಿ, ಕಾಲಿಟ್ಟ ತಿಂಗಳಲ್ಲೇ ಒಬ್ಬನನ್ನು ನುಂಗಿದಳೆಂದು ಜನ ಆಡುತ್ತಾರೆ. ಅವಳ ಬಾಳು ಹಾಳಾಗುತ್ತದೆ. ತಾನೇ ಇಳಿದ, ಕೂಗಿದರೂ ಕೇಳಲಿಲ್ಲ ಎಂದರೆ ಯಾರ ಮೇಲೂ ಬರುವುದಿಲ್ಲ. ಆ ವಾಕ್ಯ ಹುಟ್ಟಿದ್ದು ಹಾಗೆ. ನನ್ನ ಆಯುಷ್ಯದಲ್ಲಿ ನಾನು ಅನುಮಾನಿಸಿದ ಕಥನಗಳೆಲ್ಲ ಯಾರದೋ ಹೆಚ್ಚುಗಾರಿಕೆಯಿಂದಲೋ ಲಾಭದಿಂದಲೋ ಹುಟ್ಟಿದವು. ಕರುಣೆಯಿಂದ ಹುಟ್ಟಿದ ಸುಳ್ಳನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಹೇಳುತ್ತೇನೆ: ಒಬ್ಬಳನ್ನು ನೆರಳಿಗೆ ತರಲು ಇನ್ನೊಬ್ಬಳನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕರುಣೆ ಅದು. ಬಿಸಿಲಿನಲ್ಲಿದ್ದವಳು ದೂರದೂರಿನವಳು, ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ನೆರಳಿಗೆ ಬಂದವಳಿಗಾದರೂ ತಂಪು ಸಿಕ್ಕಿತ್ತೇ ಎಂದರೆ, ಅದೂ ಇಲ್ಲ.

"ನನ್ನ ಅವರ ಕಡೆ ಕರಕೊಂಡು ಹೋಗ್ರಿ" ಎಂದಳು.

"ನಿನ್ನ ಗಂಡನಿಗೆ ತಿಳಿದಿದೆಯೇನಮ್ಮ?"

"ಇಲ್ರಿ. ತಿಳದ್ರ ಬಿಡತಿದ್ದಿಲ್ಲ. ಇಷ್ಟು ವರ್ಷ ನನಗಾಗಿ ಸುಮ್ಮನಿದ್ದಾರ."

ಬೆಂಜ್ ಸರ್ಕಲ್ಲಿನ ಗದ್ದಲ ದಾಟಿ ಆ ಓಣಿಗೆ ಹೋದೆವು. ಆಕೆ ನೆಲದ ಮೇಲೆ ಕೂತು, ನಮಗೆ ಹೇಳಿದ್ದನ್ನೇ ಹೇಳಿದಳು. ನಕ್ಕದ್ದನ್ನೂ ಬಿಡಲಿಲ್ಲ. ತಾಯಿ ಗೋಡೆಗೊರಗಿ ಕೇಳಿದರು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ:

"ಕೊಳಗನಾದ್ರೂ ಸಿಕ್ತಾ?"

ಆಕೆ ತಲೆ ಎತ್ತಲಿಲ್ಲ. "ಅದು ತಾನ ಬಂತ್ರಿ ಅಮ್ಮಾ. ಇನ್ನೊಂದು ತೆರಿ ಬಂದಾಗ ತಾನ ದಂಡಿಗೆ ಬಂದು ಬಿತ್ತು."

ಆ ಕೊಳಗವನ್ನು ನಾನು ಬಲ್ಲೆ. ಮುಂದಿನ ಕಾರ್ತೀಕಗಳಲ್ಲೆಲ್ಲ ಸಂಘದ ಸಾರು ಅದರಲ್ಲೇ ಕುದಿಯುತ್ತಿತ್ತು. ಕಂಠದ ಮೇಲಿನ ಅಕ್ಷರಗಳನ್ನು ಮೆಚ್ಚಿ, ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದೆ.

ತಾಯಿ ಎದ್ದರು. ಆಕೆಯ ತಲೆಯ ಮೇಲೆ ಕೈಯಿಡುತ್ತಾರೆಂದು ನಾನು ತಿಳಿದೆ. ಇಡಲಿಲ್ಲ. "ಹಾಗಾದ್ರೆ ಅವನು ಆಟಕ್ಕೆ ಇಳೀಲಿಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಕಾದೆವು. ಮಗಳು ಬಾಗಿಲು ತಟ್ಟಿದರೆ "ಅವಳಿಗೆ ಊಟ ಹಾಕಿ ಕಳಿಸು" ಎಂಬ ದನಿ ಮಾತ್ರ ಬಂದಿತು. ಆಕೆ ಉಣ್ಣಲಿಲ್ಲ. ಸಂಜೆಯ ರೈಲಿಗೆ ಹತ್ತಿಸಿ ಬಂದೆ.

ಅವಳು ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳೆಂದು ಆಮೇಲೆ ತಿಳಿಯಿತು. ಕೆಲವೇ ದಿನಗಳಲ್ಲಿ ತವರಿಗೆ ಹೋದಳು. ಬಹುಕಾಲ ಅಲ್ಲೇ ಉಳಿದಳು. ಮಾಡರೇಟರು ನನಗೆ ಬರೆಯಲಿಲ್ಲ, ಬರಲಿಲ್ಲ. ನಾನೂ ಹೋಗಲಿಲ್ಲ. ಅವನು ಕಾಪಾಡಿಕೊಂಡು ಬಂದದ್ದನ್ನು ನಾನು ಕೆಡವಿದ್ದೆ, ಕೆಡವದೆ ಇರಲಾರದವನಾಗಿದ್ದೆ. ಅಂಥ ಇಬ್ಬರ ನಡುವೆ ಯಾವ ಹಣ್ಣು ಕೊಂಡೊಯ್ಯಬೇಕೆಂಬುದು ಯಾವ ಊರಿನ ಪದ್ಧತಿಯಲ್ಲೂ ಇಲ್ಲ.

ಮರುವರ್ಷದ ಕಾರ್ತೀಕದಲ್ಲಿ ವಿಜಯವಾಡದವರು ಮತ್ತೆ ಬೋರ್ಡಿನ ಸೂಚನೆಯನ್ನು ಅಚ್ಚು ಹಾಕಿ ತಂದು ಓದಿದರು. ಅದರಲ್ಲಿ ಇದ್ದದ್ದು ಇಷ್ಟೆ: ಯಾರೂ ನೀರಿಗಿಳಿಯಬಾರದು, ಪಾತ್ರೆಗಳನ್ನು ಮನೆಗೆ ತಂದು ತೊಳೆಯತಕ್ಕದ್ದು. ಕೂಗಿನ ಮಾತು ಇರಲಿಲ್ಲ. ಅದನ್ನು ತೆಗೆದವನು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಸಂಘದ ಸ್ಮರಣ ಸಂಚಿಕೆಯಲ್ಲಿ ಅದೇ ವಾಕ್ಯ ಮತ್ತೆ ಅಚ್ಚಾಯಿತು. ಮೂರು ಸಲ ಎಂಬುದು "ಹಲವು ಬಾರಿ" ಎಂದಾಗಿತ್ತು. ಅಚ್ಚಾದ ಮಾತಿನ ಆಯುಷ್ಯ ಗಟ್ಟಿ. ಅದು ಆ ತಾಯಿಯ ಕಾಲದ ಅನಂತರ ಬಂದುದೊಂದೇ ಸಮಾಧಾನ.

ಆ ಮರುವರ್ಷದ ಕಾರ್ತೀಕದಲ್ಲೇ ಮಗನ ತಿಥಿ. ಮಧ್ಯಾಹ್ನದ ಮೇಲೆ ಸಹೋದ್ಯೋಗಿ ಒಂದು ಸ್ಟೀಲ್ ಡಬ್ಬಿ ಹಿಡಿದು ಮನೆಗೆ ಬಂದ. ಮುಚ್ಚಳ ತೆಗೆದರೆ ಹಾಲುಬಾಯಿ. "ನಮ್ಮತ್ತೆ ಬೆಳಗಿನ ಜಾವ ಎದ್ದು ತಾವೇ ಅಕ್ಕಿ ರುಬ್ಬಿದ್ರು ಸಾರ್. ಯಾರನ್ನೂ ಹತ್ತಿರ ಬಿಡಲಿಲ್ಲ." ಬೆಲ್ಲ ಕಡಿಮೆಯಾಗಿತ್ತು, ಅಂಚು ಹಿಟ್ಟುಹಿಟ್ಟಾಗಿತ್ತು. ಅಷ್ಟು ವರ್ಷ ಮಾಡದೆ ಕೈ ಅಳತೆ ಮರೆತಿತ್ತು. ನನ್ನ ಹೆಂಡತಿ ಒಂದು ತುಂಡನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ಈ ಸಂಗತಿಯನ್ನು ತಿಳಿಯಬೇಕಾದವನು ಲೋಕದಲ್ಲಿ ಒಬ್ಬನಿದ್ದ. ಅವನಿರುವ ಜಾಗದಲ್ಲಿ ನನ್ನ ಹೆಸರಿರಲಿಲ್ಲ. ಮರುದಿನ ಐದೂವರೆಗೆ ಯಂತ್ರವನ್ನು ಹಚ್ಚದೆ, ಬರಿಯ ಫೋನಿನಿಂದಲೇ ಆ ನಂಬರು ತಿರುಗಿಸಿದೆ. ಮೋಡೆಮಿನ ಕಿರುಚಾಟ ಕೇಳಿ ಇಟ್ಟುಬಿಡಬೇಕೆಂದಿದ್ದೆ. ಒಂದು ಗಂಟೆಯಾದರೂ ಆ ಹಜಾರದಲ್ಲಿ ಬಾರಿಸುತ್ತದಲ್ಲ ಎಂದು. ಗಂಟೆ ಒಂದು ಸಲ ಬಾರಿಸಿತು, ಎರಡು ಸಲ, ಮೂರು ಸಲ. ಮೋಡೆಮ್ ಎತ್ತಲಿಲ್ಲ; ಆ ಹೊತ್ತಿಗೆ ಅದನ್ನು ಆರಿಸಿಟ್ಟಿದ್ದನೋ ಏನೋ. ಒಬ್ಬ ಮನುಷ್ಯ ಎತ್ತಿದ. ಹಲೋ ಎನ್ನಲಿಲ್ಲ. ಉಸಿರು ಕೇಳಿಸುತ್ತಿತ್ತು.

"ಮಾಡಿದರು" ಎಂದೆ. "ನಿನ್ನೆ ಹಾಲುಬಾಯಿ ಮಾಡಿದರು."

"ಹೌದ್ರಿ?" ಎಂದ. ಆಮೇಲೆ, "ಆಕಿಗೆ ತಿಳಸ್ತೀನ್ರಿ" ಎಂದು ಫೋನು ಇಟ್ಟ.

ಕಾಕಾ ಎನ್ನಲಿಲ್ಲ. ಮುಂದೆಂದೂ ಅವನ ಬಾಯಿಂದ ಆ ಮಾತು ನನಗೆ ಕೇಳಿಸಲಿಲ್ಲ.